ಕರೆಂಟಭಾವ ಪ್ರಕರಣ: ವೈಫೈ ರಕ್ಷಣೆಯ ಶಾಸ್ತ್ರೀಯ ವಿಚಾರ

ನ್ಯಾಯ-ವೈಶೇಷಿಕರು ಜಗತ್ತಿನ ಪದಾರ್ಥಗಳನ್ನು ಎಣಿಸುತ್ತ ಬಂದು ಏಳನೆಯದಾಗಿ ‘ಅಭಾವ’ವನ್ನೂ ಸೇರಿಸಿದರು. ಇಲ್ಲದಿರುವುದೂ ಒಂದು ಪದಾರ್ಥವೇ ಎಂದು ನಕ್ಕವರು ದಿನವಿಡೀ ಕರೆಂಟಿರುವ ಊರಿನವರಿರಬೇಕು. ನಮ್ಮಲ್ಲಿ ಕರೆಂಟು ಇದ್ದಾಗ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಹೋದಾಗ ಇಡೀ ಬೀದಿ ಬಾಗಿಲಿಗೆ ಬರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು ಎಂದು ಅದು ಬಂದ ಚರಿತ್ರೆಯನ್ನು ಬರೆದವರು ಬಹಳ. ಹೋದ ಚರಿತ್ರೆಗೆ ಗ್ರಂಥಕರ್ತರಿಲ್ಲ. ಆ ಕೊರತೆಯನ್ನು ವೈಫೈ ಪೆಟ್ಟಿಗೆಗೆ ಸಂಬಂಧಿಸಿದಷ್ಟು ಮಟ್ಟಿಗೆ ಇಲ್ಲಿ ತುಂಬಲಾಗುವುದು.

ಅಭಾವ ನಾಲ್ಕು ವಿಧ. ಹೊಸ ಬಡಾವಣೆಯಲ್ಲಿ ಗೃಹಪ್ರವೇಶವಾಗಿದೆ, ಮೀಟರು ಬಂದಿಲ್ಲ: ಇದು ಪ್ರಾಗಭಾವ. ಮೂಲೆಯ ಟ್ರಾನ್ಸ್‌ಫಾರ್ಮರು ‘ಢಂ’ ಎಂದ ಮರುಕ್ಷಣದ ಸ್ಥಿತಿ ಪ್ರಧ್ವಂಸಾಭಾವ. ಆಷಾಢದಲ್ಲಿ ಮರ ಬಿದ್ದು ತಂತಿ ಕಡಿದ ಮಲೆನಾಡಿನ ಒಂಟಿಮನೆಯದು, ಶಾಸ್ತ್ರಜ್ಞರು ಒಪ್ಪದಿದ್ದರೂ ಮನೆಯವರು ಒಪ್ಪುವಂತೆ, ಅತ್ಯಂತಾಭಾವ. ನಾಲ್ಕನೆಯದೇ ಸಹಿಸಲು ಕಷ್ಟವಾದದ್ದು. ಮೂರು ಫೇಸುಗಳಲ್ಲಿ ಒಂದು ಹೋಗಿ, ನಮ್ಮಲ್ಲಿ ಕತ್ತಲಾಗಿ, ಎದುರುಮನೆಯಲ್ಲಿ ಧಾರಾವಾಹಿ ಮುಂದುವರಿದಿರುತ್ತದೆ. ನಮ್ಮ ಫೇಸು ಎದುರುಮನೆಯ ಫೇಸಲ್ಲ ಎಂಬ ಈ ಜ್ಞಾನವೇ ಅನ್ಯೋನ್ಯಾಭಾವ.

ಇನ್ನು ಪ್ರಮಾಣ ವಿಚಾರ. ಕರೆಂಟು ಹೋದದ್ದು ತಿಳಿಯುವುದು ಹೇಗೆ? ಫ್ಯಾನು ನಿಂತಿತಲ್ಲ, ಪ್ರತ್ಯಕ್ಷವೇ ಸಾಕು ಎಂದರೆ, ಇನ್ವರ್ಟರ್ ಇರುವ ಮನೆಯಲ್ಲಿ ಫ್ಯಾನು ನಿಲ್ಲುವುದೇ ಇಲ್ಲ. ಅಲ್ಲಿ ಅನುಮಾನಕ್ಕೆ ಶರಣಾಗಬೇಕು: ಫ್ರಿಜ್ಜು ಗುಂಯ್‌ಗುಡುತ್ತಿಲ್ಲ, ಅಡುಗೆಮನೆಯಲ್ಲಿ ಚಟ್ನಿ ಅರ್ಧಕ್ಕೆ ನಿಂತಿದೆ, ಆದ್ದರಿಂದ ಕರೆಂಟಿಲ್ಲ. ಇದಕ್ಕೂ ಮೇಲಿನದು ಶಬ್ದಪ್ರಮಾಣ. ಕಾಂಪೌಂಡಿನ ಆಚೆಯಿಂದ “ನಿಮ್ಮನೇಲಿ ಇದ್ಯೇನ್ರೀ?” ಎಂದು ಆಪ್ತರೊಬ್ಬರು ಕೇಳುವವರೆಗೆ ಯಾವ ಕರೆಂಟೂ ಅಧಿಕೃತವಾಗಿ ಹೋಗಿರುವುದಿಲ್ಲ.

ಈಗ ಪೂರ್ವಪಕ್ಷ. “ಮನೆಯಲ್ಲಿ ಇನ್ವರ್ಟರ್ ಇರುವಾಗ ವೈಫೈಗೆ ಬೇರೆ ಬ್ಯಾಟರಿ ಯಾಕೆ?” ಎಂದು ಹಿರಿಯರು ಕೇಳುತ್ತಾರೆ. ಉತ್ತರ ಕೊಡುವ ಮೊದಲು ವಿದ್ಯುತ್ತಿನ ಜನ್ಮಾಂತರಗಳನ್ನು ಗಮನಿಸಬೇಕು. ಇನ್ವರ್ಟರಿನ ಬ್ಯಾಟರಿಯೊಳಗೆ ಅದು 12 ವೋಲ್ಟಿನ ಡಿಸಿ. ಇನ್ವರ್ಟರು ಅದನ್ನು 230 ವೋಲ್ಟಿನ ಎಸಿಗೆ ಎತ್ತುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಕುಳಿತ ಅಡಾಪ್ಟರು ಅದನ್ನು ಮತ್ತೆ 12 ವೋಲ್ಟಿನ ಡಿಸಿಗೆ ಇಳಿಸಿ ರೂಟರಿಗೆ ಉಣಿಸುತ್ತದೆ. ಮೈಸೂರಿನಿಂದ ಮಂಡ್ಯಕ್ಕೆ ಮಡಿಕೇರಿಯ ಮೇಲೆ ಹೋದಂತಾಯಿತು. ದಾರಿಖರ್ಚೆಲ್ಲ ಶಾಖವಾಗಿ ಸೋರಿತು. ಸಾಲದ್ದಕ್ಕೆ, ಹಲವು ಇನ್ವರ್ಟರುಗಳಲ್ಲಿರುವ ‘ಯುಪಿಎಸ್ ಮೋಡ್’ ಗುಂಡಿಯನ್ನು ಯಾರೂ ಒತ್ತಿರುವುದಿಲ್ಲ. ಕರೆಂಟು ಇನ್ವರ್ಟರಿಗೆ ಬದಲಾಗುವ ಆ ಚೂರು ಹೊತ್ತಿನಲ್ಲಿ ಬಲ್ಬು ಒಮ್ಮೆ ಮಿಟುಕಿ ಸುಮ್ಮನಾಗುತ್ತದೆ, ರೂಟರು ಮಾತ್ರ ಮೂರ್ಛೆ ಹೋಗುತ್ತದೆ. ಅದು ಎಚ್ಚೆತ್ತು, ನಾನಾರೆಂದು ವಿಚಾರಿಸಿ, ನೆಟ್ ಹಿಡಿಯಲು ಎರಡು ಮೂರು ನಿಮಿಷ. ಅಷ್ಟು ಹೊತ್ತೂ ಮೀಟಿಂಗಿನಲ್ಲಿ ಗೃಹಸ್ಥನು ಬಾಯಿ ತೆರೆದ ಭಂಗಿಯಲ್ಲಿ ಸಮಾಧಿಸ್ಥನಾಗಿರುತ್ತಾನೆ.

ಆದ್ದರಿಂದ ಸಿದ್ಧಾಂತ: ಮಿನಿ ಯುಪಿಎಸ್. ಒಳಗೆ ಲಿಥಿಯಂ ಸೆಲ್‌ಗಳು, ಹೊರಗೆ ನೇರ 12 ವೋಲ್ಟಿನ ಪಿನ್. ಇದನ್ನು ಎಲ್ಲರೂ ಒಪ್ಪಿದರೂ ಎಷ್ಟು ಪಿನ್ ಬೇಕು ಎಂಬಲ್ಲಿ ಮತಭೇದ ಹುಟ್ಟುತ್ತದೆ. ಫೈಬರ್ ಡಬ್ಬಿಯೂ ರೂಟರೂ ಒಂದೇ ಎನ್ನುವವರು ಅದ್ವೈತಿಗಳು. ಅವರ ಮನೆಯಲ್ಲಿ ನಿಜವಾಗಿಯೂ ಒಂದೇ ಡಬ್ಬಿ ಇದ್ದರೆ ಆ ಮತ ನಿರ್ದುಷ್ಟ. ಎರಡೂ ಬೇರೆ, ಎರಡಕ್ಕೂ ಬೇರೆ ಬೇರೆ ಯುಪಿಎಸ್ ಎನ್ನುವವರು ದ್ವೈತಿಗಳು. ಡಬ್ಬಿ ಎರಡಾದರೂ ಆಧಾರ ಒಂದೇ ಎಂದು, ಕವಲೊಡೆದ ವೈರಿನಿಂದ ಒಂದೇ ಯುಪಿಎಸ್ಸಿಗೆ ಎರಡನ್ನೂ ತಗುಲಿಸುವವರು ವಿಶಿಷ್ಟಾದ್ವೈತಿಗಳು. ಈ ಮೂರೂ ಅಲ್ಲದೆ ರೂಟರಿಗೆ ಮಾತ್ರ ಬ್ಯಾಟರಿ ಕೊಟ್ಟು ಫೈಬರ್ ಡಬ್ಬಿಯನ್ನು ಮರೆತವರಿದ್ದಾರೆ. ಅವರ ಮೊಬೈಲಿನಲ್ಲಿ ವೈಫೈ ಗೆರೆಗಳು ತುಂಬಿ ತುಳುಕುತ್ತವೆ, ವಾಟ್ಸ್ಯಾಪ್ ಮೆಸೇಜು ಮಾತ್ರ ಹೋಗುವುದಿಲ್ಲ. ಮಾಯೆಗೆ ಇದಕ್ಕಿಂತ ಸುಲಭವಾದ ಉದಾಹರಣೆ ಪಾಠಶಾಲೆಗಳಲ್ಲಿ ಸಿಗದು.

ಸಂಖ್ಯಾಪ್ರಕರಣದಲ್ಲಿ ಎಚ್ಚರ ಬೇಕು. ಪೆಟ್ಟಿಗೆಯ ಮೇಲೆ ‘10,000 ಎಂಎಎಚ್’ ಎಂದು ದಪ್ಪಕ್ಷರದಲ್ಲಿರುತ್ತದೆ. ಅದು ಸಾಮಾನ್ಯವಾಗಿ ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್-ಗಂಟೆ. 12 ವೋಲ್ಟಿಗೆ ಭಾಗಿಸಿದರೆ ಹತ್ತು ಸಾವಿರವು ಮೂರು ಸಾವಿರವಾಗಿ ಕೈಗೆ ಬರುತ್ತದೆ. ಪರಿವರ್ತನೆಯ ನಷ್ಟ ಕಳೆದು ಸುಮಾರು 30 ವ್ಯಾಟ್-ಗಂಟೆ ಉಳಿಯಿತೆನ್ನಿ. ಎರಡು ಡಬ್ಬಿಗಳು ಸೇರಿ 12 ವ್ಯಾಟ್ ಉಂಡರೆ ಆಯುಷ್ಯ ಎರಡೂವರೆ ಗಂಟೆ. ಜಾಹೀರಾತಿನ ಎಂಟು ಗಂಟೆ ಅರ್ಥವಾದ. ಅದನ್ನು ಅಕ್ಷರಶಃ ಗ್ರಹಿಸಬಾರದೆಂದು ಮೀಮಾಂಸಕರು ಮೊದಲೇ ಹೇಳಿದ್ದಾರೆ. ಪಿನ್ನಿನಲ್ಲೂ ಶಾಖಾಭೇದವುಂಟು: ಹೊರಗಿನ ಅಳತೆ 5.5 ಮಿ.ಮೀ. ಒಂದೇ ಇದ್ದು, ಒಳತೂತು 2.1 ಅಥವಾ 2.5. ರೂಟರು 9 ವೋಲ್ಟಿನದಾಗಿದ್ದು ನೀವು 12 ಕೊಟ್ಟರೆ ಮೇಲೆ ಹೇಳಿದ ಪ್ರಧ್ವಂಸಾಭಾವ ನಿಮ್ಮ ಮೇಜಿನ ಮೇಲೆಯೇ ಘಟಿಸಬಹುದು.

ಇಷ್ಟೆಲ್ಲ ಮಾಡಿದರೂ ಮುಕ್ತಿ ನಮ್ಮ ಕೈಯಲ್ಲಿಲ್ಲ. ಫೈಬರಿನಲ್ಲಿ ಹರಿಯುವುದು ಬೆಳಕು. ದಾರಿಯ ಸ್ಪ್ಲಿಟರಿಗೆ ಕರೆಂಟೇ ಬೇಡ, ನಿಜ. ಆದರೆ ಆ ಬೆಳಕನ್ನು ಹಚ್ಚುವವನಿಗೆ ಬೇಕು. ಕೆಲವು ಬೀದಿಗಳಲ್ಲಿ ಕಂಬಕ್ಕೆ ನೇತುಹಾಕಿದ ಸ್ವಿಚ್ ಪೆಟ್ಟಿಗೆಗೂ ಬೇಕು. ಅಲ್ಲಿ ಬ್ಯಾಟರಿ ಸತ್ತರೆ, ನಮ್ಮ ಯುಪಿಎಸ್ ಭಕ್ತಿಯಿಂದ ಕಾಪಾಡುವುದು ‘ಎಲ್‌ಒಎಸ್’ ಎಂಬ, ಬೆಳಕು ಬರುತ್ತಿಲ್ಲವೆಂದು ಮಿಣುಕುವ ಕೆಂಪು ದೀಪವೊಂದನ್ನೇ.

ಆದ್ದರಿಂದ ಜಿಜ್ಞಾಸುಗಳಲ್ಲಿ ವಿನಂತಿ: ಅಂಗಡಿಗೆ ಹೊರಡುವ ಮುನ್ನ ಎರಡೂ ಅಡಾಪ್ಟರುಗಳ ಬೆನ್ನ ಮೇಲಿನ ವೋಲ್ಟು, ಆಂಪಿಯರುಗಳನ್ನು ಫೋಟೋ ತೆಗೆದುಕೊಳ್ಳಿ. ಮುಂದಿನ ಸಲ ಕರೆಂಟು ಹೋದಾಗ, ಫೋನಿನಲ್ಲಿ ಚಾರ್ಜಿರುವಾಗಲೇ, ಇಂಟರ್ನೆಟ್ಟಿನವರಿಗೆ ಕರೆ ಮಾಡಿ “ನಿಮ್ಮ ಕಡೆ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?” ಎಂದು ಕೇಳಿ. ಅವರು ಹೇಳಿದ್ದಕ್ಕಿಂತ ದೊಡ್ಡ ಯುಪಿಎಸ್ ಕೊಳ್ಳಬೇಡಿ.