ಒಂದೇ ಸೆಲ್ಫಿಗೆ

ನಮ್ಮೂರು ದೇವಸಮುದ್ರ. ಹೆಸರು ಕೇಳಿದ ಹೊರಗಿನವರು ಈಜು ಬರುತ್ತದಾ ಅಂತ ವಿಚಾರಿಸುತ್ತಾರೆ. ಹಿಂದಿನವರು ದೊಡ್ಡ ಕೆರೆಗೆ ಸಮುದ್ರ ಅನ್ನುತ್ತಿದ್ದರು. ಮೊಳಕಾಲ್ಮುರು ಸೀಮೆಯ ಮಳೆಯನ್ನು ಬಲ್ಲವರಿಗೆ ಅದು ಹರಕೆ ಹೊತ್ತು ಇಟ್ಟ ಹೆಸರು ಅನ್ನಿಸಿದರೆ ತಪ್ಪಿಲ್ಲ. ಇಂಥ ಊರಿಗೆ ನಾಲ್ಕೂ ಚಕ್ರ ಎಳೆಯುವ ಜೀಪು ಯಾಕೆ ಅಂತ ಕೇಳಿದರೆ ನಮ್ಮ ದೊಡ್ಡಪ್ಪ, "ವರ್ಷಕ್ಕೆ ಆರು ದಿನ ಎರೆ ಹೊಲ ಹಸಿ ಆಗ್ತದಲ್ಲ, ಅದಕ್ಕೆ" ಅನ್ನುತ್ತಿದ್ದ. ಮಿಕ್ಕ ದಿನಗಳಲ್ಲಿ ಅದು ಬೇವಿನ ಮರದ ಕೆಳಗೆ ನಿಂತು ಕೋಳಿಗಳಿಗೆ ನೆರಳು ಕೊಡುತ್ತಿತ್ತು.

ದೊಡ್ಡಪ್ಪನ ನಂತರ ಜೀಪು ನನಗೆ ಬಂತು. ಮಹೀಂದ್ರದ ಸಿಜೆ-3ಬಿ, ಬಾನೆಟ್ಟು ಎತ್ತರದ್ದು. ಒಳಗಿರುವ ಹರಿಕೇನ್ ಎಂಜಿನ್ನಿನ ತಲೆ ಹಿಂದಿನ ವಿಲ್ಲೀಸ್ ಎಂಜಿನ್ನಿಗಿಂತ ಎತ್ತರ. ಅದನ್ನು ಮುಚ್ಚಲು ಬಾನೆಟ್ಟನ್ನೇ ಎತ್ತರಿಸಿದರು. ಬಾಸಿಂಗ ದೊಡ್ಡದಾಯಿತೆಂದು ಮದುವೆ ಮನೆಯ ಬಾಗಿಲು ಒಡೆದ ಹಾಗೆ. ಸುತ್ತಲ ಊರುಗಳ ಜೀಪುಗಳೆಲ್ಲ ಪೆಟ್ರೋಲಿನ ಖರ್ಚಿಗೆ ಹೆದರಿ ಯಾವತ್ತೋ ಡೀಸೆಲ್ ಎಂಜಿನ್ ಕೂರಿಸಿಕೊಂಡು ಡಬಡಬ ಅನ್ನತೊಡಗಿದ್ದವು. ನಮ್ಮದು ಮಾತ್ರ ಪೆಟ್ರೋಲನ್ನೇ ಕುಡಿಯುತ್ತ, ಕೆಮ್ಮುತ್ತ, ಹಳೇ ಗೌಡರ ಗತ್ತಿನಲ್ಲಿ ಉಳಿಯಿತು.

ಕೆಮ್ಮಿಗೆ ಕಾರಣ ಪಾಯಿಂಟು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ತುಟಿಗಳಂತೆ ಎರಡು ಸಣ್ಣ ಬಿಲ್ಲೆ ಕಾಣುತ್ತವೆ. ಅವು ಮುಚ್ಚಿದಾಗ ಕಾಯಿಲಿನಲ್ಲಿ ಕರೆಂಟು ಹರಿಯುತ್ತದೆ. ತೆರೆದ ಗಳಿಗೆಯಲ್ಲಿ ಬ್ಯಾಟರಿಯ 12 ವೋಲ್ಟು ಕಾಯಿಲಿನೊಳಗೆ ಸಾವಿರಾರು ವೋಲ್ಟಾಗಿ ಉಕ್ಕಿ, ಗಿರಗಿರ ತಿರುಗುವ ರೋಟರಿನ ಮೂಲಕ ಒಂದು, ಮೂರು, ನಾಲ್ಕು, ಎರಡು ಅನ್ನುವ ಸರದಿಯಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡಿದರೆ ಈ ತುಟಿಗಳು 6000 ಸಲ ಬಿಚ್ಚಿ ಮುಚ್ಚಬೇಕು. ಅಷ್ಟು ಮಾತಾಡಿದರೆ ಯಾರ ತುಟಿ ಸವೆಯುವುದಿಲ್ಲ? ನಡುವಿನ ಗ್ಯಾಪು ಇರಬೇಕಾದದ್ದು ಅರ್ಧ ಮಿಲಿಮೀಟರು. ಸವೆದು ಗ್ಯಾಪು ಕಿರಿದಾದರೆ ಟೈಮಿಂಗು ಹಿಂದೆ ಬಿದ್ದು, ಏರಿನಲ್ಲಿ ಜೀಪು ಮಿಸ್ ಹೊಡೆಯುತ್ತದೆ.

ಬಿಲ್ಲೆಗಳ ನಡುವೆ ಕಿಡಿ ಹಾರಿ ಸುಡದಿರಲಿ ಅಂತ ಪಕ್ಕದಲ್ಲೊಂದು ಬೆರಳ ತುದಿಯಷ್ಟು ಕಂಡೆನ್ಸರ್ ಇರುತ್ತದೆ. ಹಳ್ಳಿಯ ನಾಟಿ ವೈದ್ಯರು ಗೊತ್ತಾಗದ ಕಾಯಿಲೆಗೆಲ್ಲ 'ಪಿತ್ತ' ಅನ್ನುವ ಹಾಗೆ ನಮ್ಮ ಮೇಸ್ತ್ರಿ ಗೊತ್ತಾಗದ್ದಕ್ಕೆಲ್ಲ 'ಕಂಡೆನ್ಸರ್' ಅನ್ನುತ್ತಿದ್ದರು.

ಒಮ್ಮೆ ಅಶೋಕನ ಶಾಸನ ನೋಡಬೇಕೆಂದ ನೆಂಟರನ್ನು ಕೂರಿಸಿಕೊಂಡು ಸಿದ್ದಾಪುರದ ದಾರಿ ಹಿಡಿದಿದ್ದೆ. ಬ್ರಹ್ಮಗಿರಿ ಕಣ್ಣಿಗೆ ಬಿತ್ತು, ಜೀಪು ನಿಂತಿತು. ಅಲ್ಲೇ ಕುರಿ ಮೇಯಿಸುತ್ತಿದ್ದವನು ಬೀಡಿ ಹಚ್ಚಿದ್ದ ಬೆಂಕಿಪೊಟ್ಟಣ ಕೊಟ್ಟ. ಅದರ ಮಗ್ಗುಲಿನ ಮದ್ದಿನ ಪಟ್ಟಿಯಿಂದ ಪಾಯಿಂಟು ಉಜ್ಜಿ, ಜೇಬಿನಲ್ಲಿದ್ದ ಯಾವುದೋ ಮದುವೆ ಕಾರ್ಡನ್ನು ಹರಿದು ಗ್ಯಾಪು ನೋಡಿ ಹೊರಟೆ. ಇಲ್ಲಿನ ಶಾಸನ ಬರೆದ ಚಪಡ 'ಲಿಪಿಕಾರ' ಅನ್ನುವ ತನ್ನ ಕಸುಬಿನ ಹೆಸರನ್ನು ಮಾತ್ರ ಇಲ್ಲಿ ಯಾರಿಗೂ ಓದಲು ಬಾರದ ಖರೋಷ್ಠಿ ಲಿಪಿಯಲ್ಲಿ ಕೊರೆದು ಹೋಗಿದ್ದಾನೆ. ನಮ್ಮ ಮೇಸ್ತ್ರಿಗೂ ಅದೇ ಚಪಲ. ಟೈಮಿಂಗ್ ಕೂರಿಸಿದ ಮೇಲೆ ಡಿಸ್ಟ್ರಿಬ್ಯೂಟರಿಗೂ ಎಂಜಿನ್ನಿಗೂ ಸೇರಿಸಿ ಉಳಿಯಿಂದ ಒಂದು ಗೀಟು ಹೊಡೆದಿದ್ದರು. ಅದನ್ನು ಓದಬಲ್ಲವರು ಅವರೊಬ್ಬರೇ.

2023ರ ಏಪ್ರಿಲ್ 2ರಂದು, ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹತ್ತಿರ ಇಸ್ರೋದವರು ರೆಕ್ಕೆಯ ರಾಕೆಟ್ಟೊಂದನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟರು. ಅದು ತಾನೇ ದಾರಿ ನೋಡಿಕೊಂಡು ರನ್‌ವೇ ಮೇಲೆ ಇಳಿಯಿತು. ಮರುದಿನ ಪೇಪರ್ ಓದುತ್ತಿದ್ದ ಅಕ್ಕನ ಮಗ, ನಾನು ಬೆಂಕಿಪೊಟ್ಟಣ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದ್ದನ್ನು ನೋಡಿ, "ಮಾಮ, ಚಾಲಕ ಇಲ್ಲದ್ದು ಆಕಾಶದಿಂದ ಇಳೀತು, ನೀನು ಇದ್ದೂ ಇದು ಬೇವಿನ ಮರ ಬಿಟ್ಟು ಕದಲಲಿಲ್ಲ" ಅಂದ. 1910ರ ಸುಮಾರಿಗೆ ಅಮೆರಿಕದ ಕೆಟರಿಂಗ್ ಅನ್ನುವವನು ಬಳಕೆಗೆ ತಂದ ಪಾಯಿಂಟನ್ನು, ಅಲ್ಲಿಯ ಕ್ರೈಸ್ಲರ್ ಕಂಪನಿ 1973ಕ್ಕೇ ತನ್ನ ಎಲ್ಲ ಕಾರುಗಳಿಂದ ತೆಗೆದುಹಾಕಿತ್ತು ಅಂತಲೂ ಪಾಠ ಹೇಳಿದ. ಆಗ ನಾನು ಹುಟ್ಟಿದ್ದೆನಷ್ಟೆ, ಹಾಗಾಗಿ ತಪ್ಪು ನನ್ನದಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ಟು ಬಂತು. ಎರಡು ಚೀಲ ಶೇಂಗಾದ ದುಡ್ಡು, ಬಿಚ್ಚಿದರೆ ಅರ್ಧ ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿ, ಎರಡು ವೈರು, ಒಂದು ಅಯಸ್ಕಾಂತದ ಬಳೆ. ಬಳೆಯನ್ನು ಡಿಸ್ಟ್ರಿಬ್ಯೂಟರಿನ ಶಾಫ್ಟಿಗೆ ತೊಡಿಸುವುದು. ಅದು ತಿರುಗುವಾಗ ಡಬ್ಬಿ ಮುಟ್ಟದೆಯೇ ಅದರ ಸುಳಿವು ಹಿಡಿದು ಕಾಯಿಲಿನ ಕರೆಂಟು ಕಡಿಯುತ್ತದೆ. ಉಜ್ಜಾಟ ಇಲ್ಲ, ಸವೆತ ಇಲ್ಲ. ಕೆಂಪು ವೈರು ಕಾಯಿಲಿನ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಅದಲು ಬದಲಾದರೆ ಎರಡು ಚೀಲ ಶೇಂಗಾ ಒಂದೇ ಉಸಿರಿಗೆ ಹುರಿದುಹೋಗುತ್ತದೆ. ಪಾಯಿಂಟೂ ಕಂಡೆನ್ಸರೂ ಹೊರಗೆ ಬಂದವು. ಮೇಸ್ತ್ರಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಆಸ್ಪತ್ರೆಯಲ್ಲಿ ಸ್ವಂತದವರ ಆಪರೇಷನ್ ನೋಡುವವರಂತೆ ನಿಂತಿದ್ದರು. ಅಕ್ಕನ ಮಗ ಟೈಮಿಂಗ್ ಲೈಟು ಹಿಡಿದು ಐದು ಡಿಗ್ರಿಗೆ ಕೂರಿಸಿದ. ಉಳಿಯ ಗೀಟಿನಿಂದ ಕೂದಲೆಳೆಯಷ್ಟು ಸರಿಯಿತು. ಮೇಸ್ತ್ರಿ ಮೂಗಿನಲ್ಲೇ "ಹ್ಞೂಂ" ಅಂದರು. ಒಪ್ಪಿಗೆಯೋ ಸಮಾಧಾನವೋ ತಿಳಿಯಲಿಲ್ಲ.

ಜೀಪು ಒಂದೇ ಸೆಲ್ಫಿಗೆ ಸ್ಟಾರ್ಟಾಯಿತು. ಮರುದಿನವೂ. ಅದರ ಮರುದಿನವೂ. ಅಲ್ಲಿಂದ ನನ್ನ ಕಷ್ಟ ಶುರುವಾಯಿತು.

ಇಷ್ಟು ವರ್ಷ ಆ ಪಾಯಿಂಟೇ ನನ್ನ ಜೀಪಿನ ಬೀಗವಾಗಿತ್ತು ಅನ್ನುವುದು ನನಗೇ ಹೊಳೆದಿರಲಿಲ್ಲ. ಚೋಕು ಎಷ್ಟೆಳೆಯಬೇಕು, ಯಾವಾಗ ಮುಚ್ಚಳ ತೆಗೆದು ಉಜ್ಜಬೇಕು ಅನ್ನುವುದು ನನಗೊಬ್ಬನಿಗೇ ಗೊತ್ತಿದ್ದರಿಂದ ಯಾರೂ ಕೇಳುತ್ತಿರಲಿಲ್ಲ. ತಡವಾಗಿ ಹೋದರೆ ಜೀಪಿನ ಮೇಲೆ ಹಾಕುತ್ತಿದ್ದೆ, ಹೋಗದೇ ಇದ್ದರೂ ಜೀಪಿನ ಮೇಲೇ. ಈಗ ನಾಮಕರಣಕ್ಕೆ ಜೀಪು, ಬೀಜ ತರಲು ಜೀಪು, ರಾಂಪುರದ ಬಸ್ಸು ತಪ್ಪಿಸಿಕೊಂಡವರಿಗೆ ಜೀಪು. "ಒಂದೇ ಸೆಲ್ಫಿಗೆ ಬರ್ತೈತಲ್ಲಣ್ಣ, ನೀನ್ಯಾಕೆ ಎದ್ದೇಳ್ತೀಯ, ಕೀ ಕೊಡು ಸಾಕು" ಅನ್ನುತ್ತಾರೆ. ಕೊಟ್ಟರೆ ಎಂಜಿನ್ ಆರಿಸಿ ಕೀ ಮಾತ್ರ ಆನ್‌ನಲ್ಲೇ ಬಿಟ್ಟು ಮಾತಿಗೆ ಕೂರುತ್ತಾರೆ. ಹಾಗೆ ಬಿಟ್ಟರೆ ಡಬ್ಬಿ ಕಾದು ಸುಡಬಹುದು ಅಂದರೆ ನಾನು ಜಿಪುಣ.

ಕೊನೆಗೆ ದಾರಿ ತೋರಿಸಿದ್ದು ಎರಡನೇ ಮಹಾಯುದ್ಧ. ಆಗಿನ ಸಿಪಾಯಿಗಳು ಗಾಡಿ ಬಿಟ್ಟು ಹೋಗುವಾಗ ಯಾರೂ ಹಾರಿಸಿಕೊಂಡು ಹೋಗದಿರಲಿ ಅಂತ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹೆಬ್ಬೆರಳಿನಷ್ಟು ಸಾಮಾನು. ಅದಿಲ್ಲದಿದ್ದರೆ ಕಿಡಿ ಹಂಚುವವರೇ ಇಲ್ಲ.

ಈ ಸಲ ನಾಯಕನಹಟ್ಟಿ ತೇರಿನ ದಿನ ಹೊತ್ತು ಮೂಡುವ ಮುಂಚೆಯೇ ಭಾವಮೈದ ಹನ್ನೊಂದು ಜನರನ್ನು ಕಟ್ಟಿಕೊಂಡು ಬಂದ. ಎಂಟು ಸಲ ಸೆಲ್ಫ್ ಹೊಡೆದ. ಬ್ಯಾಟರಿ ನರಳಿತು. ನಾನು ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡು, ಮುಖದ ಮೇಲೆ ಚಿಂತೆ ಇಟ್ಟುಕೊಂಡು ಜಗಲಿಯ ಮೇಲೆ ನಿಂತಿದ್ದೆ. ಅವನು ಬಿಡಲಿಲ್ಲ, ಮೇಸ್ತ್ರಿಯನ್ನೇ ಎಬ್ಬಿಸಿಕೊಂಡು ಬಂದ.

ಮೇಸ್ತ್ರಿ ಮುಚ್ಚಳ ಬಿಚ್ಚಿದರು. ಒಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಟಾರ್ಚಿನ ಬೆಳಕು ಮೆಲ್ಲಗೆ ನನ್ನ ಜೇಬಿನವರೆಗೆ ಬಂದು, ಕ್ಷಣ ನಿಂತು, ಹಿಂದಿರುಗಿತು. ಮುಚ್ಚಳ ಹಾಕಿ ಎರಡೂ ಕ್ಲಿಪ್ಪು ಬಿಗಿದು, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಭಾವಮೈದನಿಗೆ ಹೇಳಿದರು:

"ಇವತ್ತು ಆಗೋದಿಲ್ಲ ಬಿಡು ಸಾಮಿ. ಕಂಡೆನ್ಸರ್ ಹೋಗೈತೆ."