ಬೆನ್ನಟ್ಟುವ ಪಂಡಿತರು

ಬ್ರಿಟನ್ನಿನ ಐಟಿವಿಯಲ್ಲಿ 2009ರಲ್ಲಿ ಶುರುವಾದ ‘ದ ಚೇಸ್’ ಕ್ವಿಜ್‌ನಲ್ಲಿ ನಾಲ್ವರು ಸಾಮಾನ್ಯರು, ಅವರ ಬೆನ್ನಟ್ಟಲು ಒಬ್ಬ ಪಂಡಿತ. ಮೊದಲು ಒಂದು ನಿಮಿಷ ಪಟಪಟನೆ ಪ್ರಶ್ನೆ. ಪ್ರತಿ ಸರಿಯುತ್ತರಕ್ಕೆ 1,000 ಪೌಂಡ್. ಆಮೇಲೆ ಎತ್ತರದ ಪೀಠದಲ್ಲಿ ಆ ಪಂಡಿತ, ಅಂದರೆ ‘ಚೇಸರ್’, ಪ್ರತ್ಯಕ್ಷ, ಸಾಲ ವಸೂಲಿಗೆ ಬಂದವರ ಮುಖ ಹೊತ್ತು. ಚೇಸರ್‌ಗಳಲ್ಲಿ ಒಬ್ಬರಾದ ಮಾರ್ಕ್ ಲ್ಯಾಬೆಟ್‌ಗೆ ‘ಬೀಸ್ಟ್’, ಅಂದರೆ ಮೃಗ, ಎಂಬ ಬಿರುದೇ ಇದೆ. ಇಬ್ಬರ ನಡುವಿನ ಆಟದ ಹಲಗೆಯಲ್ಲಿ ಸ್ಪರ್ಧಿ ಚೇಸರ್‌ಗಿಂತ ಮೂರು ಮೆಟ್ಟಿಲು ಮುಂದೆ. ಐದು ಸರಿಯುತ್ತರ ಕೊಟ್ಟರೆ ಪಾರು, ಸಿಕ್ಕಿಬಿದ್ದರೆ ಬರಿಗೈ. ಹೆಚ್ಚು ಹಣ ಬೇಕೆಂದರೆ ಒಂದು ಮೆಟ್ಟಿಲು ಹಿಂದೆ, ಮೃಗದ ಬಾಯಿಗೆ ಇನ್ನಷ್ಟು ಹತ್ತಿರ! ಪಾರಾದವರು ಕೊನೆಗೆ ಒಟ್ಟಾಗಿ ಎರಡು ನಿಮಿಷ ಉತ್ತರಿಸುತ್ತಾರೆ. ಅವರನ್ನು ಹಿಡಿಯಲು ಚೇಸರ್‌ಗೂ ಅಷ್ಟೇ ಸಮಯ. ಪಂಡಿತರು ತಪ್ಪಿದ್ದನ್ನು ಸ್ಪರ್ಧಿಗಳು ಸರಿಪಡಿಸಿದರೆ ಪಂಡಿತರಿಗೆ ಒಂದು ಹೆಜ್ಜೆ ಹಿನ್ನಡೆ. ಮನೆಯ ಸೋಫಾದಲ್ಲಿ ಕೂತವರಿಗೆ ಮಾತ್ರ ಎಲ್ಲ ಉತ್ತರವೂ ಗೊತ್ತು, ಪರದೆಯ ಮೇಲೆ ಮೂಡಿದ ಮರುಕ್ಷಣ. ಅವರನ್ನು ಬೆನ್ನಟ್ಟುವವರಿಲ್ಲ, ಬಹುಮಾನವೂ ಇಲ್ಲ.