ಎರಡೇ ಉಳಿದಿದೆಯಂತೆ!

ಅಕ್ಕಾ, ಮಗಳನ್ನ ಯಾಕೆ ಬೈತಿದ್ದೀರಿ? ಕಾಂಪೌಂಡಿನ ಈಚೆವರೆಗೂ ಕೇಳಿಸ್ತು. ಮಿಕ್ಸಿ ತಗೊಂಡಿದ್ದಕ್ಕಾ? 'ಎರಡೇ ಉಳಿದಿದೆ, ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತೆ' ಅಂತ ಮೊಬೈಲಲ್ಲಿ ಗಡಿಯಾರ ಓಡಿಸಿದ್ರೆ ಪಾಪ, ಆ ಹುಡುಗಿ ಏನು ಮಾಡ್ತಾಳೆ? ತಪ್ಪು ಅವಳದ್ದಲ್ಲ, ಹೆದರಿಸಿದೋರದ್ದು. ನಾನೂ ಒಂದು ಕುಕ್ಕರ್ ನೋಡಿಟ್ಟಿದ್ದೆ. 'ಕೊನೆಯ ಮೂರು' ಅಂತ ಕೆಂಪಕ್ಷರದಲ್ಲಿತ್ತು. ವಾರ ಬಿಟ್ಟು ನೋಡಿದ್ರೂ ಅದೇ ಮೂರು! ಮೈಯೆಲ್ಲಾ ಉರಿದುಹೋಯ್ತು.

ಇದು ನಿನ್ನೆ ಮೊನ್ನೆಯ ವಿದ್ಯೆ ಅಲ್ಲ ಅಕ್ಕಾ. 1975ರಲ್ಲೇ ಅಮೆರಿಕದಲ್ಲಿ ಸ್ಟೀಫನ್ ವರ್ಚೆಲ್ ಅನ್ನೋ ಮನಶ್ಶಾಸ್ತ್ರಜ್ಞರು ಇನ್ನಿಬ್ಬರ ಜೊತೆ ಸೇರಿ ಒಂದು ಪ್ರಯೋಗದ ವರದಿ ಬರೆದ್ರು. ಕೆಲವರ ಮುಂದೆ ಹತ್ತು ಬಿಸ್ಕತ್ತಿನ ಜಾಡಿ, ಕೆಲವರ ಮುಂದೆ ಎರಡೇ ಬಿಸ್ಕತ್ತಿನ ಜಾಡಿ. ಬಿಸ್ಕತ್ತು ಎರಡರಲ್ಲೂ ಒಂದೇ ಥರದ್ದು. ಆದ್ರೂ ಎರಡೇ ಇದ್ದ ಜಾಡಿಯದ್ದೇ ಹೆಚ್ಚು ಬೇಕು ಅನ್ನಿಸ್ತು. ಹತ್ತಿದ್ದದ್ದು ಕಣ್ಣೆದುರಿಗೇ ಎರಡಾದಾಗಂತೂ ಆಸೆ ಇನ್ನೂ ಏರಿತು. ಮೊಬೈಲಲ್ಲಿ ಆ ಸಂಖ್ಯೆ ಇಳೀತಾ ಹೋಗೋದು ಯಾಕೆ ಅಂತ ಗೊತ್ತಾಯ್ತಲ್ಲ?

ಏನಂದ್ರಿ? ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಸೀರೆ ಮಳಿಗೆ ಮುಂದೆ ಬೆಳಗಾಗೋ ಮುಂಚೆ ಸಾಲು ನಿಲ್ತಾರಲ್ಲ, ಅದೂ ಇದೇ ಆಟವಾ? ಇಲ್ಲ ಅಕ್ಕಾ, ಎರಡನ್ನೂ ಒಂದೇ ತಕ್ಕಡೀಲಿ ತೂಗಬೇಡಿ. ಆ ಸೀರೆ ನೇಯೋ ಮೈಸೂರಿನ ಕಾರ್ಖಾನೆ 1912ರಲ್ಲಿ ಶುರುವಾದದ್ದು. ಮೈಸೂರು ಸಿಲ್ಕ್ ಹೆಸರಿನ ಜಿಐ, ಅಂದ್ರೆ ಭೌಗೋಳಿಕ ಗುರುತಿನ ಹಕ್ಕೂ ಆ ನಿಗಮದ್ದೇ. ಅಪ್ಪಟ ರೇಷ್ಮೆ, ಚಿನ್ನದ ಜರಿ, ಕೈ ಪಳಗಿದ ನೇಕಾರರು ಬೇಕು. ಹೊಸಬರಿಗೆ ಕಲಿಯೋಕೇ ತಿಂಗಳುಗಟ್ಟಲೆ ಹಿಡಿಯುತ್ತೆ. ಕೊರತೆಗೆ ಕಾರಣ ಕಣ್ಣಿಗೆ ಕಾಣುತ್ತೆ. ಈ ಮಿಕ್ಸಿಗೆ ಏನು ಬರಗಾಲ ಹೇಳಿ? ನಮ್ಮ ಬೀದಿ ಕೊನೆಯ ಅಂಗಡಿಯವರು ಸಾಮಾನು ಮುಗಿದಿದ್ರೆ ನೇರವಾಗಿ 'ಇವತ್ತು ಇಲ್ಲಮ್ಮ, ಶುಕ್ರವಾರ ಬರುತ್ತೆ' ಅಂತಾರೆ. ಅಲ್ಲಿಗೆ ಮತ್ತೆ ಹೋಗೋಕೆ ನಮಗೆ ಮನಸ್ಸಾಗೋದು ಆ ಮಾತಿನಿಂದಲೇ.

ಮೊಬೈಲಿನ ಈ ಸುಳ್ಳು ಕೊರತೆ ತಡೆಯೋಕೆ ಕಾನೂನೂ ಇದೆ ಅಕ್ಕಾ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಗ್ರಾಹಕರನ್ನ ದಾರಿ ತಪ್ಪಿಸೋ 13 ಬಗೆಯ ಆನ್‌ಲೈನ್ ತಂತ್ರಗಳನ್ನ 'ಡಾರ್ಕ್ ಪ್ಯಾಟರ್ನ್' ಅಂತ ಪಟ್ಟಿ ಮಾಡಿ ನಿಷೇಧಿಸಿದ್ದಾರೆ. ಪಟ್ಟಿಯ ಮೊದಲನೇದೇ ಸುಳ್ಳು ಅವಸರ ಹುಟ್ಟಿಸೋದು. ಇರೋದಕ್ಕಿಂತ ಕಡಿಮೆ ದಾಸ್ತಾನು ತೋರಿಸೋದೂ ಅದರಲ್ಲೇ ಬರುತ್ತೆ. ಆದ್ರೆ ದೂರು ಕೊಡೋರೇ ಇಲ್ಲದಿದ್ರೆ ಕಾನೂನು ಪುಸ್ತಕದಲ್ಲೇ ಇರುತ್ತೆ.

ಅದಕ್ಕೇ ಮಗಳಿಗೆ ಹೇಳಿ: ಇನ್ನೊಂದ್ಸಲ 'ಕೊನೆಯ ಎರಡು' ಅಂತ ಕಂಡ್ರೆ ಸ್ಕ್ರೀನ್‌ಶಾಟ್ ತೆಗೆದಿಡಲಿ, ಎರಡು ದಿನ ಬಿಟ್ಟು ಮತ್ತೆ ನೋಡಲಿ. ಅದೇ ಮಾತು, ಅದೇ ಗಡಿಯಾರ ಇದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಲಿ. ಅವಳಿಗೆ ಸಂಕೋಚ ಆದ್ರೆ ಕರೆದುಕೊಂಡು ಬನ್ನಿ, ಜೊತೇಲಿ ಕೂತು ನಾನೇ ಮಾಡಿಸ್ತೀನಿ.